ಮೌನವ್ರತಕ್ಕೊಂದು ಬಜರ್

ಹೆಂಡತಿ ಮಾತಾಡುತ್ತಾಳೆಂದು ಗೋಳಾಡುವ ಗಂಡಂದಿರು ಸಿಂಧನೂರಿನಲ್ಲಿ ಓಣಿ ಓಣಿಗೂ ಸಿಗುತ್ತಾರೆ. ಹೆಂಡತಿ ಮಾತಾಡಲಿಲ್ಲವೆಂದು ಗೋಳಾಡಿದವನು ಇಡೀ ತಾಲೂಕಿಗೆ ಒಬ್ಬನೇ. ಅವನು ಬೀಜ-ಗೊಬ್ಬರದ ಅಂಗಡಿಯ ಪಂಪಾಪತಿ. ಅವನ ಗೋಳು ಸುಳ್ಳಲ್ಲ. ಆದರೆ ಅದನ್ನು ಅವನ ಬಾಯಿಂದಲೇ ಕೇಳಿದರೆ ತಪ್ಪೆಲ್ಲ ಹೆಂಡತಿಯದು, ಸ್ವಲ್ಪ ಮಗಳದು, ಉಳಿದದ್ದು ಕರೆಂಟಿನದು ಅನಿಸುತ್ತದೆ. ಅದಕ್ಕೇ ನಾವೇ ಹೇಳಿಬಿಡುವುದು ವಾಸಿ.

ಪಂಪಾಪತಿಯದು ಕೆಳಗೆ ಅಂಗಡಿ, ಮೇಲೆ ಮನೆ. ಕೆಳಗೆ ಭತ್ತದ ಬೀಜ, ಯೂರಿಯಾ, ಎಣ್ಣೆ (ಬೆಳೆಗೆ ಹೊಡೆಯುವ ಔಷಧಿಗೆ ಈ ಕಡೆ ಎಣ್ಣೆ ಎಂದೇ ಹೆಸರು), ಅದನ್ನು ಬೆನ್ನಿಗೆ ಕಟ್ಟಿಕೊಂಡು ಹೊಡೆಯುವ ಬ್ಯಾಟರಿ ಪಂಪುಗಳು, ಮತ್ತು ಇವೆಲ್ಲವನ್ನೂ ಎತ್ತಿಡುವ ಆಳು ಆದೆಪ್ಪ. ಮೇಲೆ ಹೆಂಡತಿ ಕಸ್ತೂರೆಮ್ಮ, ಒಂಬತ್ತನೇ ತರಗತಿಯ ಮಗಳು ಐಶ್ವರ್ಯ. ಮೇಲಿನ ಲೋಕಕ್ಕೂ ಕೆಳಗಿನ ಲೋಕಕ್ಕೂ ಇದ್ದ ಏಕೈಕ ಸಂಪರ್ಕ ಸಾಧನವೆಂದರೆ ಕಸ್ತೂರೆಮ್ಮನ ಗಂಟಲು. "ಏನ್ರೀ, ಇಲ್ಲಿ ಕೇಳ್ರಿ!" ಎಂದು ಅವಳು ಬಾಲ್ಕನಿಯಿಂದ ಕೂಗಿದರೆ ಎದುರಿನ ಟೇಲರ್, ಪಕ್ಕದ ಟೈರ್ ಅಂಗಡಿಯವನು, ಗೊರೇಬಾಳಕ್ಕೆ ಹೊರಟ ಆಟೋದವನು ಎಲ್ಲರೂ ತಲೆ ಎತ್ತುತ್ತಿದ್ದರು. ತಲೆ ಎತ್ತದವನು ಪಂಪಾಪತಿ ಒಬ್ಬನೇ. ಅವನು ಮೂರನೇ ಕೂಗಿಗೆ "ಆಂ?" ಅನ್ನುತ್ತಿದ್ದ, ನಾಲ್ಕನೆಯದಕ್ಕೆ "ಏನು?" ಅನ್ನುತ್ತಿದ್ದ.

ಈ ಕೂಗಿನಿಂದ ಅವನಿಗಿದ್ದ ನಿಜವಾದ ತೊಂದರೆ ಬೇರೆ. ಓಣಿಯ ಮೂಲೆಯಲ್ಲಿ ಶಾಮೀದಸಾಬನ ಬಂಡಿ ನಿಲ್ಲುತ್ತದೆ. ಸಂಜೆ ಐದಕ್ಕೆ ಅವನ ಬಾಣಲೆಗೆ ಮಿರ್ಚಿ ಬಿತ್ತೆಂದರೆ ಆ ವಾಸನೆ ಯಾರ ಅಪ್ಪಣೆಯನ್ನೂ ಕೇಳದೆ ಪಂಪಾಪತಿಯ ಗಲ್ಲಾಪೆಟ್ಟಿಗೆಯ ತನಕ ಬರುತ್ತದೆ. ಒಗ್ಗರಣೆ ಹಾಕಿದ ಮಂಡಕ್ಕಿ, ಮೇಲೆ ಬಿಸಿ ಮಿರ್ಚಿ, ಅದರ ಹೊಟ್ಟೆಯಲ್ಲಿ ಅಜವಾನದ ಪುಡಿ. ಇಂಥದ್ದನ್ನು ಮೂಗಿಗೆ ಕೊಟ್ಟು ಬಾಯಿಗೆ ಕೊಡದಿದ್ದರೆ ಅದು ಹಿಂಸೆಯಲ್ಲದೆ ಮತ್ತೇನು? ಆದರೆ ಡಾಕ್ಟರು ಕೊಲೆಸ್ಟ್ರಾಲ್ ಅಂದಿದ್ದರು. ಕಸ್ತೂರೆಮ್ಮ ಅದನ್ನು ಕನ್ನಡಕ್ಕೆ "ಮಿರ್ಚಿ ಬಂದ್" ಎಂದು ಅನುವಾದಿಸಿದ್ದಳು. ಅವನು ಚಪ್ಪಲಿ ಮೆಟ್ಟಿದ ಕೂಡಲೇ ಮೇಲಿನಿಂದ ಕೂಗು ಬೀಳುತ್ತಿತ್ತು. ಬಂಡಿಯ ತನಕ ಹೋಗಿ ಬರುವಷ್ಟು ಬಿಡುವನ್ನು ಆ ಗಂಟಲು ಅವನಿಗೆ ಎಂದೂ ಕೊಟ್ಟಿರಲಿಲ್ಲ.

ಹೀಗಿರುವಾಗ ಶ್ರಾವಣ ಬಂತು. ಊಟಕ್ಕೆ ಕೂತ ಗಂಡನ ಮುಂದೆ ಕಸ್ತೂರೆಮ್ಮ ಘೋಷಣೆ ಹೊರಡಿಸಿದಳು.

"ಈ ಸಲ ಶ್ರಾವಣ ಸೋಮವಾರ ಉಪಾಸದ ಜೋಡಿ ನಾ ಮೌನಾನೂ ಹಿಡೀತೀನ್ರಿ. ಬೆಳಗ್ಗಿಂದ ದೀಪ ಹಚ್ಚೋತನಕ ಪಿಟ್ ಅನ್ನಂಗಿಲ್ಲ."

ಪಂಪಾಪತಿಯ ಗಂಟಲಲ್ಲಿ ರೊಟ್ಟಿ ನಿಂತುಬಿಟ್ಟಿತು, ಸಂತೋಷಕ್ಕೆ. "ಪಿಟ್ ಅಂತ್ಲೂ ಅನ್ನಂಗಿಲ್ಲ?"

"ಅನ್ನಂಗಿಲ್ಲ."

"ನೀ?"

"ಹೂನ್ರಿ, ನಾನ. ಯಾಕ, ನನ್ನ ಕೈಲೆ ಆಗಲ್ಲ ಅನ್ಕೊಂಡೀರೇನು?"

"ಹಂಗಲ್ಲ ಕಸ್ತೂರಿ. ಬರೇ ಸೋಮವಾರ ಯಾಕ, ತಿಂಗಳ ಪೂರ್ತಿ ಹಿಡಿದ್ರ ಪುಣ್ಯ ಇನ್ನಾ ಹೆಚ್ಚಲ್ಲೇನು ಅಂದೆ."

ಆ ದಿನ ಅವನ ತಾಟಿಗೆ ಎರಡನೇ ರೊಟ್ಟಿ ಬೀಳಲಿಲ್ಲ.

ಮೊದಲ ಸೋಮವಾರ ಸೂರ್ಯ ಹುಟ್ಟಿದ, ಕಸ್ತೂರೆಮ್ಮ ಬಾಯಿ ಮುಚ್ಚಿದಳು. ಫೋನನ್ನು ಬಂದ್ ಮಾಡಿ ಅಕ್ಕಿ ಡಬ್ಬಿಯೊಳಗಿಟ್ಟಳು. ಚೀಟಿ ಬರೆಯುವಂತೆಯೂ ಇರಲಿಲ್ಲ, ಬರೆದದ್ದೂ ಮಾತೇ ಎಂದು ಮನೆತನದ ಗುರುಗಳಾದ ಅಯ್ಯನೋರು ಅಪ್ಪಣೆ ಕೊಡಿಸಿದ್ದರು. ಪಂಪಾಪತಿಗೆ ಇಡೀ ಬಜಾರಿಗೆ ರಜಾ ಕೊಟ್ಟಂತೆ ಅನಿಸಿತು. ಸಂಜೆ ಐದಾದದ್ದೇ ತಡ, "ಆದೆಪ್ಪ, ಅಂಗಡಿ ನೋಡ್ಕೋ, ಇಲ್ಲೇ ಬಂದೆ" ಎಂದು ಹೇಳಿ ಬಂಡಿಯ ಮುಂದೆ ಪ್ರತ್ಯಕ್ಷನಾದ.

ಎರಡನೇ ಮಿರ್ಚಿಯನ್ನು ಕಚ್ಚುವ ಹೊತ್ತಿಗೆ ಊರಿಗೆ ನಲ್ಲಿ ನೀರು ಬಿಟ್ಟರು. ನೀರು ಬರುವುದೇ ಅಪರೂಪ, ಬಂದಾಗ ಅಂಗಡಿಯ ಮುಂದಿನ ವಾಲ್ವ್ ತಿರುಗಿಸಿದರೆ ಮಾತ್ರ ಅದು ಮನೆಯ ತೊಟ್ಟಿಗೆ ಇಳಿಯುತ್ತದೆ. ಇಲ್ಲದಿದ್ದರೆ ಗಟಾರಕ್ಕೆ. ಐಶ್ವರ್ಯ ಅಂದು ಇನ್ನೂ ಶಾಲೆಯಿಂದ ಬಂದಿರಲಿಲ್ಲ. ಕಸ್ತೂರೆಮ್ಮ ಬಾಲ್ಕನಿಗೆ ಬಂದು ಚಪ್ಪಾಳೆ ತಟ್ಟಿದಳು. ಅಂಗಡಿಗೆ ಮುಂದಕ್ಕೆ ಚಾಚಿದ ತಗಡಿನ ಚಾವಣಿ ಇರುವುದರಿಂದ ಮೇಲಿನವರಿಗೆ ಕೆಳಗಿನವರು ಕಾಣುವುದಿಲ್ಲ. ಅವಳು ಒಳಗೆ ಹೋಗಿ ಹಿಟ್ಟು ನಾದುವ ಹಿತ್ತಾಳೆ ಪರಾತವನ್ನು ತಂದು ಆ ತಗಡಿನ ಮೇಲೆ ಬಡಿಯತೊಡಗಿದಳು. ಸದ್ದಿಗೆ ಟೇಲರ್ ಹೊರಗೆ ಬಂದ. ಟೈರ್ ಅಂಗಡಿಯವನು ಓಡಿ ಬಂದ. ಎಲ್ಲೋ ಬೆಂಕಿ ಬಿದ್ದಿದೆ ಎಂದುಕೊಂಡು ಯಾರೋ ಬಕೆಟ್ ಹಿಡಿದು ಬಂದರು. ಆದೆಪ್ಪ ಬಂಡಿಯ ಕಡೆ ಓಡಿದ. ಪಂಪಾಪತಿ ಉಳಿದ ಮಿರ್ಚಿಯನ್ನು ಅಂಗಿಯ ಜೇಬಿಗೆ ತುರುಕಿಕೊಂಡು ಹಿಂದಕ್ಕೆ ಓಡಿದ.

"ಪೋಸ್ಟಾಫೀಸಿಗೆ ಹೋಗಿದ್ದೆ" ಎಂದು ಅವನು ಜನರೆಲ್ಲ ಕೇಳುವಂತೆ ಮೇಲಕ್ಕೆ ಕೂಗಿ ಹೇಳಿದ. ಕಸ್ತೂರೆಮ್ಮ ಕೆಳಗಿಳಿದು ಬಂದು ಅವನ ಜೇಬನ್ನು ನೋಡಿದಳು. ಜೇಬಿನ ಮೇಲೆ ಎಣ್ಣೆಯ ಕಲೆ ನಿಧಾನವಾಗಿ ದೊಡ್ಡದಾಗುತ್ತಿತ್ತು. ಅವಳು ಏನೂ ಅನ್ನಲಿಲ್ಲ, ಅನ್ನುವಂತಿರಲಿಲ್ಲ. ದೀಪ ಹಚ್ಚಿದ ಮೇಲೆ ಅನ್ನುವಂತಾಯಿತು. ಬೆಳಗಿನಿಂದ ಕೂಡಿಟ್ಟ ಮಾತೆಲ್ಲ ಒಂದೇ ಕಂತಿನಲ್ಲಿ ಬಂತು. ಮಲಗುವ ತನಕ ಮೌನ ಹಿಡಿದವನು ಪಂಪಾಪತಿಯೇ.

ಮಾರನೆಯ ದಿನ ಅವನು ಗಲ್ಲಾದ ಮುಂದೆ ಕೂತು ಗಾಢವಾಗಿ ಚಿಂತಿಸಿದ. ಇನ್ನೂ ಮೂರು ಸೋಮವಾರ ಬಾಕಿ ಇವೆ. ಮೂರು ಸಂಜೆ, ಮೂರು ತಾಟು ಒಗ್ಗರಣೆ-ಮಿರ್ಚಿ. ಹೆಂಡತಿ ಕರೆದಾಗ ತಾನು ಅಂಗಡಿಯಲ್ಲಿಯೇ ಇದ್ದೇನೆ ಎಂದು ಅವಳಿಗೆ ಅನಿಸಬೇಕು, ತಾನು ಮಾತ್ರ ಅಲ್ಲಿ ಇರಬಾರದು. ಇದು ಯೋಗಿಗಳಿಗೆ ಸಾಧ್ಯ ಎಂದು ಕೇಳಿದ್ದ, ಬೀಜ-ಗೊಬ್ಬರದವರಿಗೆ ಸಾಧ್ಯವೆಂದು ಯಾರೂ ಹೇಳಿರಲಿಲ್ಲ. ಆಗ ಮೇಲಿನಿಂದ ಒಂದು ಸದ್ದು ಬಂತು. "ಕೀಂ... ಕೀಂ ಕೀಂ... ಕೀಂಂಂ."

ಓಡಿಹೋಗಿ ನೋಡಿದರೆ ಐಶ್ವರ್ಯ ನೆಲದ ಮೇಲೆ ಕೂತಿದ್ದಳು. ಮುಂದೆ ಬಣ್ಣಬಣ್ಣದ ವೈರು, ಒಂದು ಪುಟ್ಟ ನೀಲಿ ಬೋರ್ಡು, ಅದಕ್ಕೆ ಅಂಟಿಕೊಂಡು ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದಾದ ಕಪ್ಪನೆಯ ಡಬ್ಬಿ. ಸದ್ದು ಆ ಡಬ್ಬಿಯದು.

"ಏನವ್ವ ಇದು, ಜೀರುಂಡಿ ಹುಳ ಹಿಡಿದಿಟ್ಟೀಯೇನು?"

"ಬಜರ್ ಅಪ್ಪ. ಸಾಲಿಯಾಗ ಪ್ರಾಜೆಕ್ಟ್ ಕೊಟ್ಟಾರ. ಇದರಾಗ ಎರಡು ನಮೂನಿ. ಒಂದಕ್ಕ ಕರೆಂಟ್ ಕೊಟ್ರ ಸಾಕು, ಒಂದ ದನೀಲೆ ಒದರ್ತೈತಿ. ಇನ್ನೊಂದು ಐತಲ್ಲ, ಅದು ನಾವು ಯಾ ಸ್ವರ ಕೊಡ್ತೀವಿ ಆ ಸ್ವರ ಹಾಡ್ತೈತಿ. ಸ್ವರಕ್ಕ ಒಂದೊಂದು ನಂಬರ್. ನಂಬರ್ ದೊಡ್ಡದಾದ್ರ ದನಿ ಸಣ್ಣಗ ಆಗ್ತೈತಿ, ಸಣ್ಣದಾದ್ರ ದಪ್ಪಗ."

ಪಂಪಾಪತಿಯ ತಲೆಯಲ್ಲಿ ದೀಪ ಹತ್ತಿತು. ಅವನು ಪಿಯುಸಿಯಲ್ಲಿ ವಿಜ್ಞಾನ ಓದಿದವನು (ಪಾಸಾದದ್ದು ಬೇರೆ ವಿಷಯಗಳಲ್ಲಿ). ಮಗಳ ಪೆಟ್ಟಿಗೆಯಿಂದ ಒಂದು ಬಜರನ್ನು ಎತ್ತಿಕೊಂಡು, "ತಡಿ, ಇದರ ಗುಣ ಪರೀಕ್ಷಾ ಮಾಡ್ತೀನಿ" ಎಂದು ಅಂಗಡಿಗೆ ಇಳಿದ. ಅಂಗಡಿಯಲ್ಲಿ ಕರೆಂಟಿಗೇನು ಬರ? ಎಣ್ಣೆ ಹೊಡೆಯುವ ಪಂಪಿನ ಬ್ಯಾಟರಿ ಪೂರ್ತಿ ಚಾರ್ಜಾಗಿ ಕೂತಿತ್ತು. ಎರಡು ವೈರನ್ನು ಅದಕ್ಕೆ ಹಚ್ಚಿದ. ಒಂದೆಕರೆ ಭತ್ತಕ್ಕೆ ಎಣ್ಣೆ ಹೊಡೆಯುವ ತಾಕತ್ತೆಲ್ಲ ಆ ಗುಂಡಿಯಷ್ಟಗಲದ ಡಬ್ಬಿಗೆ ನುಗ್ಗಿತು. ಅದು ಬೆಕ್ಕಿನ ಬಾಲ ತುಳಿದಂತೆ ಒಂದೇ ಸಲ ಕಿರುಚಿತು, ಆಮೇಲೆ ಹೊಗೆ ಬಿಟ್ಟು ತಣ್ಣಗಾಯಿತು.

"ಬ್ಯಾಟರಿ ಪಂಪಿಗೆ ಹಚ್ಚೀಯೇನಪ್ಪ!" ಸದ್ದು ಕೇಳಿ ಇಳಿದು ಬಂದ ಐಶ್ವರ್ಯ ಹಣೆ ಬಡಿದುಕೊಂಡಳು. "ಪಾಪ ಅದಕ್ಕ ಮೊಬೈಲ್ ಚಾರ್ಜರಿನ ಕರೆಂಟ ಹೆಚ್ಚು."

"ಗುಣ ಗೊತ್ತಾತಲ್ಲ" ಅಂದ ಪಂಪಾಪತಿ ಗಂಭೀರವಾಗಿ. "ಇನ್ನ ಮುಂದ ನೀ ಮಾಡು, ನಾ ಹೇಳ್ತೀನಿ."

ಅವನ ಯೋಜನೆ ಹೀಗಿತ್ತು. ಒಂದು ಬಜರ್ ಕೆಳಗೆ ಗಲ್ಲಾದ ಅಡಿಗೆ, ಅದರ ಬಟನ್‌ಗಳು ಮೇಲೆ ಅಡುಗೆಮನೆಯಲ್ಲಿ. ಇನ್ನೊಂದು ಬಜರ್ ಮೇಲೆ, ಅದರ ಬಟನ್ ಕೆಳಗೆ. ಕಸ್ತೂರೆಮ್ಮ ಮೇಲಿನಿಂದ ಕರೆಯಬೇಕು, ಕೆಳಗಿನಿಂದ ಉತ್ತರ ಹೋಗಬೇಕು. ಕೆಳಗಿನವರು ಒಂದು ಸಲ ಒತ್ತಿದರೆ "ಹೂಂ", ಎರಡು ಸಲ ಒತ್ತಿದರೆ "ಒಲ್ಲೆ". (ಆ ಕೆಳಗಿನ ಬಟನ್ನನ್ನು ಯಾರ ಬೆರಳು ಒತ್ತುತ್ತದೆ ಎಂಬುದನ್ನು ಮೇಲಿನವರು ನೋಡಲಾಗುವುದಿಲ್ಲ. ಈ ಅಂಶವನ್ನು ಸಂಶೋಧಕರು ಮಗಳಿಗೆ ಹೇಳಲಿಲ್ಲ.)

ಮೇಲಿನ ಬಟನ್‌ಗಳ ವಿಷಯಕ್ಕೆ ಕುಟುಂಬದ ಮಹಾಸಭೆ ಸೇರಿತು. ವಾರದ ನಡುವಿನ ದಿನವಾದ್ದರಿಂದ ಕಸ್ತೂರೆಮ್ಮನ ಬಾಯಿಗೆ ಅಡ್ಡಿಯಿರಲಿಲ್ಲ.

"ನೀರು ಬಂದ್ರ ಒಂದು ರಾಗ ಇಡ್ರಿ. ಚಾ ಆದ್ರ ಒಂದು. 'ಮ್ಯಾಲ ಬರ್ರಿ' ಅನ್ನಾಕ ಒಂದು, ಅದು ಜರಾ ಜೋರಾಗೇ ಇರ್ಲಿ. ಮಂದಿ ಬಂದ್ರ ಒಂದು. ಅಲ್ಲ, ಎರಡು. ನಮ್ಮ ಮುಕ್ಕುಂದದವ್ರು ಬಂದ್ರ ಬ್ಯಾರೆ ರಾಗ ಬೇಕು."

"ನಿನ್ನ ತವರುಮನಿಯವರಿಗೆ ಬ್ಯಾರೆ ಯಾಕ?"

"ನೀವು ಬಾಗಲಕ್ಕ ಬಂದು ಕರೀಬೇಕಲ್ಲ, ಅದಕ್ಕ."

"ಹಂಗಂದ್ರ ನಮ್ಮ ಅಕ್ಕ ಬಂದ್ರ?"

"ಅವ್ರು ಗ್ಯಾಸಿನವ, ಪೇಪರಿನವ ಬರೋ ಮಂದಿ ರಾಗದಾಗ ಬರ್ಲಿ. ಅವ್ರಿಗೇನು, ವಾರಕ್ಕೊಮ್ಮಿ ಬರ್ತಾರ."

ಜಗಳ ಬೆಳೆಯಿತು. ಕಡೆಗೆ ಬಂಧುಬಳಗಕ್ಕೆಲ್ಲ ಒಂದೇ ರಾಗ ಎಂದು ರಾಜಿಯಾಗಿ, ನಾಲ್ಕು ಬಟನ್ ನಿಂತವು: ನೀರು, ಚಹಾ, ಮಂದಿ, ಮೇಲೆ ಬರ್ರಿ. ಐಶ್ವರ್ಯ ಒಂದೊಂದಕ್ಕೂ ಸ್ವರದ ನಂಬರು ಕೂಡಿಸಿ ನುಡಿಸಿ ತೋರಿಸಿದಳು. ಚಹಾದ್ದು ಮೆಲ್ಲಗೆ ಮೇಲಕ್ಕೇರುವ ರಾಗ, ಮಂದಿಯದು ಬಸ್ಸಿನ ಹಾರ್ನು, 'ಮೇಲೆ ಬರ್ರಿ' ಅನ್ನುವುದು ಹಲ್ಲು ಜುಂ ಅನ್ನಿಸುವ ಉದ್ದನೆಯ ಚೀತ್ಕಾರ. ಕಸ್ತೂರೆಮ್ಮನಿಗೆ ಅದೇ ಬಹಳ ಇಷ್ಟವಾಯಿತು.

"ಅಪ್ಪಾ, ಮ್ಯಾಲ ಅವ್ವಗೂ 'ಹೂಂ' 'ಒಲ್ಲೆ' ಬಟನ್ ಇಡ್ಲೇನು? ಇನ್ನೆರಡು ಅದಾವ ನನ್ನತ್ರ" ಎಂದು ಐಶ್ವರ್ಯ ಕೇಳಿದಳು.

"ಏನೂ ಬ್ಯಾಡ" ಎಂದ ಪಂಪಾಪತಿ. "ನಿಮ್ಮವ್ವ ಕರಿಯಾಕಿ, ನಾ ಹೇಳಾಂವ. ಮ್ಯಾಲ ಇರಾವ್ರಿಗೆ 'ಒಲ್ಲೆ' ಅನ್ನೋ ಪ್ರಸಂಗ ಯಾಕ ಬರ್ತೈತಿ? ಸುಮ್ಕ ಖರ್ಚು."

ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಪಂಪಾಪತಿಯಂತೂ ಇಟ್ಟುಕೊಳ್ಳಲಿಲ್ಲ.

ಇನ್ನು ಧರ್ಮಸೂಕ್ಷ್ಮವೊಂದು ಉಳಿಯಿತು. ಬಜರ್ ಒತ್ತಿದರೆ ಮೌನ ಮುರಿಯುತ್ತದೆಯೇ? ಅಯ್ಯನೋರನ್ನು ಕರೆಸಿದರು. ಅವರು ಕಣ್ಣು ಮುಚ್ಚಿಕೊಂಡು ನಾಲ್ಕು ರಾಗವನ್ನೂ ಕೇಳಿ, ಚಹಾದ್ದನ್ನು ಇನ್ನೊಮ್ಮೆ ಒತ್ತಿಸಿ (ಅಷ್ಟರಲ್ಲಿ ಚಹಾ ನಿಜವಾಗಿಯೂ ಬಂತು), ತೀರ್ಪು ಕೊಟ್ಟರು.

"ಪೂಜಾದಾಗ ಗಂಟಿ ಬಾರಿಸ್ತೀವಿ. ಮೌನ ಮುರೀತೈತೇನು? ಇಲ್ಲ. ಇದು ಕರೆಂಟಿನ ಗಂಟಿ. ಒತ್ತವ್ವ, ದೋಷ ಇಲ್ಲ. ಇದರಾಗ ಆದ ಮಾತು ಮಾತ್ರ ಗಂಟಿ ಮುಂದ ಆದ ಮಾತು ಇದ್ದಂಗ. ತಪ್ಪಬಾರ್ದು."

"ತಪ್ಪೋದೆಲ್ಲಿ ಬಂತ್ರಿ ಅಯ್ಯನೋರ!" ಎಂದು ಪಂಪಾಪತಿ ಅಡ್ಡಬಿದ್ದ.

ಎರಡನೇ ಸೋಮವಾರ ಯಂತ್ರದ ಉದ್ಘಾಟನೆಯಾಯಿತು. ಬೆಳಗಿನಿಂದ ನಾಲ್ಕು ರಾಗವೂ ಸರದಿಯ ಮೇಲೆ ಮೊಳಗಿದವು. ಪಂಪಾಪತಿ ಎಂದಿನಂತೆ ಮೂರು ಸಲ ಒದರಿದ ಮೇಲೆ ಓಗೊಟ್ಟ. ಎಣ್ಣೆ ಕೊಳ್ಳಲು ಬಂದವರು ಗಲ್ಲಾದ ಅಡಿಗೆ ಬಗ್ಗಿ ನೋಡಿ ಬೆರಗಾದರು. ಐದಾಯಿತು. ಅವನು ಆದೆಪ್ಪನನ್ನು ಹತ್ತಿರಕ್ಕೆ ಕರೆದು ದೀಕ್ಷೆ ಕೊಟ್ಟ.

"ನೋಡು, ಇದು ಒದರಿದ ಕೂಡ್ಲೆ ಈ ಬಟನ್ ಒಂದ್ಸಲ ಒತ್ತು. ಒಂದ ಸಲ. ಯಾ ರಾಗನ ಇರ್ಲಿ, ಏನ ಇರ್ಲಿ. ಬಾಯಿ ಮಾತ್ರ ತೆಗೀಬ್ಯಾಡ, ನಿನ್ನ ದನಿ ಕೇಳಿದ್ರ ನನ್ನ ಕಥಿ ಮುಗೀತು."

"ನೀರಿನ ರಾಗ ಬಂದ್ರ?"

"ಒತ್ತಿ, ಎದ್ದು ಹೋಗಿ ವಾಲ್ವ್ ತಿರುವು."

"ಮ್ಯಾಲ ಬರ್ರಿ ಅಂದ್ರ?"

"ಒತ್ತು. ಬರ್ತೀನಿ ಅಂದಂಗ ಆತು. ಯಾವಾಗ ಬರ್ತೀನಿ ಅಂತ ಏನ್ ಹೇಳೀನಿ?"

ಆದೆಪ್ಪ ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಪಂಪಾಪತಿ ಬಂಡಿಯ ಪಕ್ಕದ ಬೆಂಚಿನ ಮೇಲೆ ಕಾಲು ಚಾಚಿ ಕೂತು, ಬಿಸಿಯದನ್ನು ಬಿಸಿಯಾಗಿಯೇ ತಿಂದು, ಮೇಲೊಂದು ಚಹಾ ಕುಡಿದು, ಬಡೇಸೋಪು ಜಗಿಯುತ್ತ ಹಿಂತಿರುಗಿದ. ಮೇಲೆ ಹೋದರೆ ಕಸ್ತೂರೆಮ್ಮ ಅವನನ್ನು ಸ್ವಲ್ಪ ಹೊತ್ತು ನೋಡಿದಳು, ನಕ್ಕಳು. ದೀಪ ಹಚ್ಚಿದ ಮೇಲೂ ಬೈಯಲಿಲ್ಲ. "ಯಂತ್ರ ಭಾಳ ಚಲೋ ಕೆಲಸ ಮಾಡ್ತೈತ್ರಿ" ಎಂದಳು. ಪಂಪಾಪತಿಗೆ ಆ ರಾತ್ರಿ ಪಿಯುಸಿಯ ಭೌತಶಾಸ್ತ್ರವನ್ನು ಈಗ ಪಾಸು ಮಾಡಿದಂತೆ ಸಂತೋಷವಾಯಿತು.

ಮೂರನೇ ಸೋಮವಾರ ಅವನು ಇನ್ನೂ ಧೈರ್ಯದಿಂದ, ಅಂಗಿಯನ್ನೂ ಬದಲಿಸಿ ಹೋದ. ತಿಂದು ಬಂದಾಗ ಆದೆಪ್ಪ ಗಲ್ಲಾದ ಪಕ್ಕ ಬಟನ್ ಹಿಡಿದುಕೊಂಡು ಕೂತಿದ್ದ.

"ಏನಾರ ಒದರಿತೇನು?"

"ಮಂದೀದು ಒದರಿತ್ರಿ. ಅಯ್ಯನೋರು ಬಂದ್ರು. ಒತ್ತಿದೆ."

"ಶಾಭಾಸ್."

"ಆಮ್ಯಾಲ ಮ್ಯಾಲ ಬರ್ರಿ ಅಂತ ಒದರಿತು. ಒತ್ತಿದೆ."

"ಬರೋಬ್ಬರಿ."

"ಆಮ್ಯಾಲ ಸಣ್ಣಕ್ಕಾರು ಬಾಲ್ಕನಿಯಿಂದ ಕೂಗಿ, 'ಅಪ್ಪಾ, ಅವ್ವ ಕೇಳಾಕತ್ತಾಳ, ಹೂಂ ಅಂತಿಯೋ ಒಲ್ಲೆ ಅಂತಿಯೋ, ಬಟನ್ ಒತ್ತು' ಅಂದ್ರು."

ಪಂಪಾಪತಿಯ ಬಾಯಲ್ಲಿ ಬಡೇಸೋಪು ನಿಂತಿತು. "ಏನ್ ಕೇಳಿದ್ಳು?"

"ಮುಂಚೆ ಏನೋ ಹೇಳಿದ್ರು, ಆಗ ಭತ್ತದ ಟ್ರ್ಯಾಕ್ಟರ್ ಹೋಗಾಕತ್ತಿತ್ರಿ. ಕೇಳಿಸ್ಲಿಲ್ಲ."

"ಮತ್ತ ನೀ ಏನ್ ಮಾಡ್ದಿ?"

"ಏನ ಇರ್ಲಿ ಒಂದ ಸಲ ಒತ್ತು ಅಂದಿದ್ರಲ್ರಿ" ಎಂದ ಆದೆಪ್ಪ. "ಒತ್ತಿದೆ. ಅವ್ರಿಗೆ ನಂಬಿಕಿ ಬರ್ಲಿಲ್ಲ ಕಾಣ್ತೈತಿ, ಇನ್ನೊಮ್ಮಿ ಕೇಳಿದ್ರು. ಇನ್ನೊಮ್ಮಿನೂ ಹೂಂ ಅಂತನ ಒತ್ತಿದೆ."

ಪಂಪಾಪತಿ ಮೆಟ್ಟಿಲು ಏರಿದ. ಒಂದೊಂದು ಮೆಟ್ಟಿಲಿಗೂ ಒಂದೊಂದು ಭಯ ಹುಟ್ಟಿತು. ಭಾವಮೈದುನ ತಿಂಗಳಿಗಂತ ಬಂದು ಇರುತ್ತಾನೆಯೇ? ಅಡುಗೆಮನೆಗೆ ಹೊಸ ಕಪಾಟೇ? ಮೇಲೆ ಪಾದಪೂಜೆ ಮುಗಿಸಿಕೊಂಡ ಅಯ್ಯನೋರು ಕಂಬಳಿಯ ಮೇಲೆ ಕೂತಿದ್ದರು. ಅವನನ್ನು ಕಂಡದ್ದೇ ಎರಡೂ ಕೈ ಎತ್ತಿ ಹರಸಿದರು.

"ಬಾರಪ್ಪ ಪಂಪಾಪತಿ! ಗಂಡ ಅಂದ್ರ ನಿನ್ನಂಗ ಇರ್ಬೇಕು. ಹೆಂಡ್ತಿ ಹಿಡಿದ ವ್ರತ ಗಂಡ ಮುಗಿಸಿದ್ರನ ಅದು ಪೂರ್ತಿ. ಕಡೀ ಸೋಮವಾರದ ಮೌನ, ಉಪಾಸ ನೀ ಹಿಡೀತಿಯೇನು ಅಂತ ಕೇಳ್ಸಿದ್ವಿ. ಕೇಳಿದ್ದ ತಡ ಹೂಂ ಅಂದಿ. ಅದೂ ಎರಡ್ ಸಲ!" (ಇದು ಯಾವ ಶಾಸ್ತ್ರದಲ್ಲಿದೆಯೋ ಅಯ್ಯನೋರಿಗೇ ಗೊತ್ತು.)

"ನಾನೇನ್ರಿ?" ಎಂದ ಪಂಪಾಪತಿ ಕ್ಷೀಣವಾಗಿ.

"ನೀನಲ್ಲದ ಮತ್ಯಾರು ಒತ್ತಿದ್ರು?"

ಇಲ್ಲಿ ಪಂಪಾಪತಿಗೆ ಎರಡು ದಾರಿಗಳಿದ್ದವು. ಒತ್ತಿದವನು ನಾನಲ್ಲ, ಶ್ರಾವಣ ಸೋಮವಾರ ನಾನು ಬೀದಿ ಬದಿಯಲ್ಲಿ ಕೂತು ಮಿರ್ಚಿ ತಿನ್ನುತ್ತಿದ್ದೆ ಅನ್ನುವುದು ಒಂದು. ಅವನು ಅಯ್ಯನೋರ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಎರಡನೇ ದಾರಿ ಹಿಡಿದ. "ನಾನ ರೀ" ಎಂದು ಕೈ ಮುಗಿದ. ಕಸ್ತೂರೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭಕ್ತಿಯಿಂದ ಇರಬೇಕೆಂದು ಅವನು ತಿಳಿದ.

ಕಡೆಯ ಸೋಮವಾರ ಬಂತು. ಪಂಪಾಪತಿ ಮೇಲೆ, ಕಸ್ತೂರೆಮ್ಮ ಕೆಳಗೆ. ಅವನ ಫೋನನ್ನು ಅವಳೇ ತನ್ನ ಕೈಯಾರೆ ಅಕ್ಕಿ ಡಬ್ಬಿಗೆ ಹಾಕಿದಳು. ಕಡೆಗೆ ಸೆರಗು ಸಿಕ್ಕಿಸಿ ಗಲ್ಲಾದ ಮೇಲೆ ಕೂತಳು ನೋಡಿ, ಮೂರು ಸೋಮವಾರ ಉಳಿಸಿಟ್ಟ ಮಾತಿಗೆಲ್ಲ ಅಲ್ಲಿ ಬೆಲೆ ಬಂತು. ಎಣ್ಣೆ ಕೇಳಲು ಬಂದವರಿಗೆ ಬೀಜವನ್ನೂ ಕೊಟ್ಟು ಕಳಿಸಿದಳು, ಬೀಜಕ್ಕೆ ಬಂದವನಿಗೆ ಪಂಪನ್ನೂ ಹೊರಿಸಿದಳು. ಪಂಪಾಪತಿ ಮೇಲಿನಿಂದ ಎಲ್ಲವನ್ನೂ ಕೇಳಿಸಿಕೊಂಡ. ಕೇಳುವುದು ಬಿಟ್ಟರೆ ಅವನಿಗೆ ಬೇರೆ ಕೆಲಸವಿರಲಿಲ್ಲ. ಚಹಾ ಬೇಕೆನಿಸಿ ಚಹಾದ ಬಟನ್ ಒತ್ತಿದ. ಕೆಳಗಿನಿಂದ ಮರುಕ್ಷಣವೇ ಎರಡು ಸಲ ಬಂತು: ಕೀಂ, ಕೀಂ. ಒಲ್ಲೆ. ಉಪವಾಸದವರಿಗೆ ಚಹಾ ಇಲ್ಲ.

ಐದಾಯಿತು. ವಾಸನೆ ಎಂದಿನಂತೆ ಬಂತು. ಆದರೆ ಈ ಸಲ ಅದು ಹತ್ತಿರ ಹತ್ತಿರ ಬರತೊಡಗಿತು. ಪಂಪಾಪತಿ ಬಾಲ್ಕನಿಗೆ ಹೋಗಿ ಕಿವಿಗೊಟ್ಟ.

"ಸಲಾಮ್ರಿ ಅಕ್ಕಾರ" ಅಂದದ್ದು ಶಾಮೀದಸಾಬ. "ಸಾಹುಕಾರ್ರಿಗೆ ತಬಿಯತ್ ಸರಿ ಐತಿಲ್ರಿ? ಹರ್ ಸೋಮವಾರ ಐದಕ್ಕ ಬರಾವ್ರು, ಇವತ್ತು ಬರ್ಲಿಲ್ಲ. ಜೀವ ತಡೀಲಿಲ್ಲ, ಅವರ ಪಾರ್ಸಲ್ ನಾನ ತಂದೆ."

ಮೇಲೆ ಪಂಪಾಪತಿ ಕಂಬ ಹಿಡಿದುಕೊಂಡ. ಬೇಡ ಶಾಮೀದ, ಬೇಡ ಎಂದು ಕೂಗಬೇಕು, ಕೂಗುವಂತಿಲ್ಲ. ಕೈ ಬೀಸಿದ, ತಗಡು ಅಡ್ಡ ಬಂತು. ಪರಾತಕ್ಕಾಗಿ ಹುಡುಕಾಡಿದ, ಅದನ್ನು ಕಸ್ತೂರೆಮ್ಮ ಬೆಳಗ್ಗೆಯೇ ಅಟ್ಟದ ಮೇಲಿಟ್ಟಿದ್ದಳು.

"ಹರ್ ಸೋಮವಾರನೂ ಬಂದಾರೇನು ಶಾಮೀದಣ್ಣ?" ಕಸ್ತೂರೆಮ್ಮನ ದನಿ ಬೆಲ್ಲದಂತಿತ್ತು.

"ತಪ್ಪಿಲ್ರಿ ಅಕ್ಕಾ. ಬೆಂಚಿನ ಮ್ಯಾಲ ಕಾಲು ಚಾಚಿ ಕೂತು, ಆರಾಮ ತಿಂದು ಹೋಗ್ತಿದ್ರು."

"ಕೊಡ್ರಿ ಇಲ್ಲಿ. ಆದೆಪ್ಪ, ಬಾ, ಬಿಸಿ ಐತಿ, ನೀನೂ ತಗೋ."

ಕರಕರ ಎಂಬ ಸದ್ದು ತಗಡಿನ ಚಾವಣಿಯನ್ನು ದಾಟಿ ಮೇಲಕ್ಕೆ ಬಂತು. ಬೆಳಗಿನಿಂದ ಉಪವಾಸವಿದ್ದ ಹೊಟ್ಟೆ ಅದಕ್ಕೆ ಗುರ್ ಎಂದು ಉತ್ತರ ಕೊಟ್ಟಿತು. ಪಂಪಾಪತಿಗೆ ಅಳುವೇ ಬಂತು. ತಿಂದದ್ದಕ್ಕೆ ಬೈಯಲಿ, ಬೇಕಾದರೆ ವಾರವೆಲ್ಲ ಬೈಯಲಿ, ಆದರೆ ಅವಳು ತಿನ್ನುವುದು ತನಗೆ ಕೇಳಿಸಬಾರದಿತ್ತು.

ತಿಂದು ಮುಗಿಸಿ ಅವಳು ಬೀದಿಗಿಳಿದಳು. ಬಾಲ್ಕನಿಯತ್ತ ಮುಖವೆತ್ತಿ, ಎಂದಿನ ಗಂಟಲಿನಲ್ಲಿ, ಟೇಲರ್ ಮತ್ತು ಟೈರ್ ಅಂಗಡಿಯವನ ಸಮಕ್ಷಮದಲ್ಲಿ ಮಾತಾಡಿದಳು.

"ಏನ್ರೀ, ಇಲ್ಲಿ ಕೇಳ್ರಿ! ಶಾಮೀದಣ್ಣ ಹೇಳಿದ ಮ್ಯಾಲೆ ಗೊತ್ತಾತು ಅನ್ಕೋಬ್ಯಾಡ್ರಿ. ಎರಡನೇ ಸೋಮವಾರದಾಗ ಗೊತ್ತಾಗಿತ್ತು. ಲಗ್ನ ಆಗಿ ಇಷ್ಟ್ ವರ್ಷ ಆತು, ನಾ ಒಂದ್ಸಲ ಕರೆದ ಕೂಡ್ಲೆ ನೀವು ಎಂದಾದ್ರೂ ಹೂಂ ಅಂದೀರೇನ್ರೀ? ಅವತ್ತು ಐದರ ಮ್ಯಾಲ ಒತ್ತೊತ್ತಿದಂಗ ಹೂಂ, ಹೂಂ ಅಂತ ಬಂತು. ಆಗ್ಲೇ ತಿಳಿದೆ, ಇದು ನನ್ನ ಗಂಡ ಅಲ್ಲ ಅಂತ. ಆಮ್ಯಾಲ ಅಯ್ಯನೋರಿಗೂ ಮಗಳಿಗೂ ವಾರದಾಗ ಹೇಳಿಟ್ಟು, ಕಡೀ ಸೋಮವಾರದ ಮಾತು ನಾನ ಕೇಳ್ಸಿದ್ದು."

ಟೇಲರ್ ಹೊಲಿಗೆ ಮಿಷನ್ ನಿಲ್ಲಿಸಿದ. ಅವನಿಗೆ ಒಂದು ಮಾತೂ ತಪ್ಪುವುದು ಬೇಕಿರಲಿಲ್ಲ.

"ಖರೆ ಹೇಳ್ತೀನಿ" ಎಂದು ಅವಳು ದನಿ ಸ್ವಲ್ಪ ತಗ್ಗಿಸಿದಳು. "ಆ ಹೂಂ ಕೇಳಿ ಒಂದ್ ಗಳಿಗಿ ಸಂತೋಷ ಆಗಿತ್ರಿ. ಅದಕ್ಕ ಬೈಲಿಲ್ಲ." ಮತ್ತೆ ಏರಿಸಿದಳು. "ಈಗ ಕೇಳ್ರಿ. ಇವತ್ತಿನ ವ್ಯಾಪಾರ ನೀವು ಒಂದು ವಾರದಾಗ ಮಾಡಿದಷ್ಟಾಗೈತಿ. ಮುಂದಿನ ಶ್ರಾವಣದಾಗ ನಾಲ್ಕೂ ಸೋಮವಾರದ ಮೌನ ನೀವ ಹಿಡೀರಿ, ಅಂಗಡಿ ನಾ ನೋಡ್ಕೊಂತೀನಿ. ಜುಲುಮಿ ಏನಿಲ್ಲ. ಬ್ಯಾಡ ಅಂತಿದ್ರ 'ಒಲ್ಲೆ' ಅಂತ ಒತ್ರಿ. ಮಂದಿ ಎಲ್ಲ ಕೇಳಾಕತ್ತಾರ, ಒತ್ರಿ!"

ಪಂಪಾಪತಿ ಅಡುಗೆಮನೆಗೆ ಓಡಿದ. ಬಟನ್‌ಗಳ ಮುಂದೆ ಬೆರಳು ಚಾಚಿ ನಿಂತ. ನೀರು. ಚಹಾ. ಮಂದಿ. ಮೇಲೆ ಬರ್ರಿ. ಇನ್ನೊಮ್ಮೆ ನೋಡಿದ. ಹಲಗೆಯನ್ನು ತಿರುಗಿಸಿ ಹಿಂದೆಯೂ ನೋಡಿದ. ಅಲ್ಲೇ ಮೂಲೆಯಲ್ಲಿ ಹೋಂವರ್ಕ್ ಮಾಡುತ್ತಿದ್ದ ಐಶ್ವರ್ಯ ಪೆನ್ನು ಕೆಳಗಿಟ್ಟು ಅಪ್ಪನನ್ನು ನೋಡಿದಳು.

"ನಾ ಅವತ್ತ ಕೇಳಿದ್ದೆ, ಅಪ್ಪ" ಎಂದಳು.

ಅವಳನ್ನಾದರೂ ಮೇಲಕ್ಕೆ ಕರೆಯೋಣವೆಂದು ಅವನು ಕಡೆಯ ಬಟನ್ನನ್ನು ಒತ್ತಿಬಿಟ್ಟ. ಕೆಳಗೆ ಉದ್ದನೆಯ ಚೀತ್ಕಾರ ಬೀದಿಯ ತನಕ ಮೊಳಗಿತು.

"ಒಲ್ಲೆ ಅನ್ಲಿಲ್ರಿ ಅಕ್ಕಾರ" ಎಂದು ಆದೆಪ್ಪ ಸಾಕ್ಷಿ ನುಡಿದದ್ದು ಪಂಪಾಪತಿಗೆ ಸ್ಪಷ್ಟವಾಗಿ ಕೇಳಿಸಿತು. "ಖುಷಿಲೆ ಉದ್ದಕ ಒತ್ಯಾರ."

ಮರುಕ್ಷಣ ಅವನ ತಲೆಯ ಮೇಲಿನ ಬಜರ್ ಒಂದೇ ಒಂದು ಸಲ ನುಡಿಯಿತು. ಆದೆಪ್ಪ ಅಭ್ಯಾಸ ಬಲದಿಂದ ಕೆಳಗಿನ ಬಟನ್ ಒತ್ತಿದ್ದ. ಹೂಂ.